ದಿನವೂ ಹಬ್ಬದೂಟ ಹಾಕಿದ ವರ್ತಕ

"ಗುರುಗಳೇ, ರೋಗ ನೀಗಿಸುವ ಕೆಲಸ ದೊಡ್ಡದೋ, ಸಾರು ಕುದಿಸುವ ಕೆಲಸ ದೊಡ್ಡದೋ?" ಎಂದು ಶಿಷ್ಯನೊಬ್ಬ ಕೇಳಿದ.

ಅವನು ಮಠದ ಅಡುಗೆಮನೆ ನೋಡಿಕೊಳ್ಳುವವನು. ಔಷಧಶಾಲೆಯಲ್ಲಿದ್ದ ಗೆಳೆಯನಿಗೆ ಬಂದವರೆಲ್ಲ ಕೈಮುಗಿಯುವುದನ್ನು ಕಂಡು ಅವನಿಗೆ ಒಲೆಯ ಮುಂದೆ ಕೂರುವುದು ಬೇಸರವಾಗಿತ್ತು. ತನ್ನನ್ನೂ ಅಲ್ಲಿಗೇ ಹಾಕಲಿ ಎಂಬುದು ಅವನ ಆಸೆ. ಗುರುಗಳಿಗೆ ಅದು ಗೊತ್ತಿತ್ತು. ನಕ್ಕು, "ಕೂತುಕೋ" ಎಂದು ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ವರ್ತಕನಿದ್ದ. ಕೈ ದೊಡ್ಡದು, ಮನಸ್ಸು ಇನ್ನೂ ದೊಡ್ಡದು. ಹೊಗಳಿಕೆಯ ಆಸೆ ಅವೆರಡಕ್ಕಿಂತ ಗುಲಗಂಜಿಯಷ್ಟು ಹೆಚ್ಚು. ಊರಿಗೊಂದು ಕೆರೆ ಕಟ್ಟಿಸಿಕೊಡುತ್ತೇನೆಂದು ಮಾತು ಕೊಟ್ಟ. ಸುಗ್ಗಿ ಮುಗಿದ ಕೂಡಲೇ ಕೆಲಸ ಹಿಡಿಸಿದ. ಮಳೆಗಾಲಕ್ಕೆ ಮುಂಚೆ ಏರಿ ಮುಗಿಯಲೇಬೇಕು. ಅರೆಕಟ್ಟಿದ ಏರಿ ಮಳೆಗೆ ಸಿಕ್ಕಿದರೆ ಒಡೆದು, ಕೆಳಗಿನ ಊರಿಗೆ ಊರೇ ಕೊಚ್ಚಿಹೋಗುತ್ತದೆ.

ಕೆಲಸಕ್ಕೆ ಬಂದವರಿಗೆ ಊಟ ವರ್ತಕನದು. ಆ ಸೀಮೆಯಲ್ಲಿ ಒಂದು ರೂಢಿ ಇತ್ತು. ಕರೆದವರಿಗೆ ಎಲೆ ಹಾಕಿದ ಮೇಲೆ ಅದರಲ್ಲಿ ರಾಗಿ, ಹುರುಳಿ, ಸೊಪ್ಪು ಕಾಣಬಾರದು. ಅವು ಮನೆಯವರು ಮನೆಯೊಳಗೆ ಉಣ್ಣುವಂಥವು. ಪಂಕ್ತಿಯಲ್ಲಿ ಬಡಿಸಿದರೆ ಅವಮಾನ. ವರ್ತಕ ಈ ರೂಢಿಯನ್ನು ಒಂದು ದಿನವೂ ಬಿಡಲಿಲ್ಲ. ಬೆಳ್ಳಗಾಗುವ ತನಕ ಕುಟ್ಟಿಸಿದ ಅಕ್ಕಿಯ ಅನ್ನ, ತುಪ್ಪ, ಪಾಯಸ, ಕರಿದ ಭಕ್ಷ್ಯ. ತೌಡೆಲ್ಲ ದನಗಳ ಪಾಲು. "ಕೊಟ್ಟರೆ ಇವನ ಹಾಗೆ ಕೊಡಬೇಕು" ಎಂದು ಜನ ಕೊಂಡಾಡಿದರು. ವರ್ತಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ದೂರದಿಂದ ಬಂದ ಒಂದು ತಂಡ ಮಾತ್ರ ಆ ಪಂಕ್ತಿಗೆ ಬರಲಿಲ್ಲ. ಏರಿಯ ಆಚೆ ತುದಿಯಲ್ಲಿ ಬಿಡಾರ ಹೂಡಿ ತಾವೇ ಬೇಯಿಸಿಕೊಂಡರು. ಕೊಬ್ಬಿದ ಜನ ಎಂದು ವರ್ತಕ ಮುಖ ತಿರುಗಿಸಿದ.

ಬಿಸಿಲು ಏರುತ್ತಿದ್ದ ಹಾಗೆ ಕಾಯಿಲೆ ಶುರುವಾಯಿತು. ಕೆಲಸದವರ ಕಾಲು ಊದಿದವು, ಜೋಮು ಹಿಡಿದವು. ಹಲವರ ವಸಡಿನಲ್ಲಿ ರಕ್ತ ಬಂತು. ಬುಟ್ಟಿ ಹೊತ್ತವರು ದಾರಿಯಲ್ಲೇ ಕುಸಿದು ಕೂತರು. ವರ್ತಕ ಹೆಸರಾಂತ ವೈದ್ಯನನ್ನು ಕರೆಸಿದ. ವೈದ್ಯ ಕಷಾಯ ಕುದಿಸಿದ, ಲೇಹ ಕೊಟ್ಟ, ಆರೈಕೆ ಮಾಡಿದ. ಒಂದಿಷ್ಟು ಜನ ಎದ್ದರು. ಎದ್ದವರು ಹೋಗಿ ಅದೇ ಪಂಕ್ತಿಯಲ್ಲಿ ಕೂತರು. ಮತ್ತೆ ಬಿದ್ದರು.

ಏರಿ ಅರ್ಧಕ್ಕೆ ನಿಂತಿತು. ವರ್ತಕ ಕೆಳಗಿನ ಊರಿನ ಮಾಡುಗಳನ್ನು ನೋಡುತ್ತ ಮಳೆಗೆ ಉಳಿದ ದಿನ ಎಣಿಸುತ್ತಿದ್ದ. ಹೀಗೆ ಕಂಗೆಟ್ಟು ಏರಿಯುದ್ದಕ್ಕೂ ನಡೆದವನು ಆಚೆ ತುದಿಗೆ ಬಂದು ನಿಂತುಬಿಟ್ಟ. ಅಲ್ಲಿ ಕೆಲಸ ಭರದಿಂದ ಸಾಗಿತ್ತು. ಬಿಡಾರದ ಮುಂದೆ ಒಬ್ಬ ಮುದುಕಿ ಸೊಪ್ಪು ಸೋಸುತ್ತಿದ್ದಳು.

"ನನ್ನ ಅನ್ನ ಬೇಡವೆಂದಿರಿ. ಅಂಥದ್ದೇನು ತಿನ್ನುತ್ತೀರಿ ನೀವು?" ಎಂದು ಕೇಳಿದ.

"ಹಂಗನ್ನಬ್ಯಾಡಿ ಧಣಿ. ಹಿಡಿದ ಕೆಲಸ ಮುಗಿಯೋಗಂಟ ಬ್ಯಾರೆಯೋರ ಒಲೆ ಅನ್ನ ಉಣ್ಣಬಾರದು ಅಂತ ನಮ್ಮೋರ ಕಟ್ಟು. ತಿನ್ನೋದೇನು, ದಿನಾ ತಿನ್ನೋದೇ. ಮುದ್ದೆ, ಹುರುಳಿ ಸಾರು, ಏರಿ ಬದೀಲಿ ಸಿಗೋ ಸೊಪ್ಪು, ಒಂದೀಟು ಮಜ್ಜಿಗೆ. ನಂಚ್ಕೊಳ್ಳಾಕೆ ಉಪ್ಪಿಗೆ ಹಾಕಿದ ನೆಲ್ಲಿಕಾಯಿ."

"ನಿಮ್ಮಲ್ಲಿ ಯಾರಿಗೂ ಕಾಲು ಊದಲಿಲ್ಲವೇ?"

"ಯಾಕೆ ಊದ್ಬೇಕು ಧಣಿ?" ಎಂದಳು ಮುದುಕಿ. ಅವಳಿಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ.

ವರ್ತಕ ಅಲ್ಲೇ ನಿಂತು ಲೆಕ್ಕ ಹಾಕಿದ. ಮಣ್ಣು ಒಂದೇ, ಬಿಸಿಲು ಒಂದೇ, ಕುಡಿಯುವ ನೀರೂ ಒಂದೇ. ಬೇರೆಯಾದದ್ದು ಒಲೆ ಮಾತ್ರ. ಜನ ಬಿದ್ದದ್ದು ತನ್ನ ಪಂಕ್ತಿಯಲ್ಲಿ ಕೂತು.

ಅಡುಗೆಯವನನ್ನು ಕರೆದು, "ನಾಳೆಯಿಂದ ಮುದ್ದೆ, ಹುರುಳಿ, ಸೊಪ್ಪು, ಮಜ್ಜಿಗೆ, ನೆಲ್ಲಿಕಾಯಿ. ಅಕ್ಕಿ ಕುಟ್ಟಿದರೂ ತೌಡು ಹೋಗುವಷ್ಟು ಕುಟ್ಟಬೇಡ" ಎಂದ. ಅಡುಗೆಯವನು ಬೆಚ್ಚಿಬಿದ್ದ. "ಎಲೆಗೆ ಮುದ್ದೆ ಹಾಕಿದ್ರೆ ಜನ ನನ್ನ ಮುಖಕ್ಕೆ ಉಗೀತಾರೆ ಬುದ್ಧಿ!"

"ನನ್ನ ಹೆಸರು ಹೇಳು. ನನಗೇ ಉಗಿಯಲಿ."

ಉಗಿದರು. ಹೊಗಳಿದ ಬಾಯಿಗಳೇ ಅವನನ್ನು ಜಿಪುಣ ಎಂದವು, ದನದ ಪಾಲಿಗೂ ಕೈಹಾಕಿದ ಪಾಪಿ ಎಂದವು. ಅವನಿಗೆ ನೋವಾಯಿತು. ಹೊಗಳಿಕೆಯಲ್ಲೇ ಬೆಳೆದವನಿಗೆ ಬೈಗುಳ ಎಷ್ಟು ಉರಿಯುತ್ತದೆಂದು ಅಂದು ತಿಳಿಯಿತು. ಆದರೂ ಪಂಕ್ತಿಯ ಮೊದಲ ಎಲೆಗೆ ತಾನೇ ಕೂತು, ಎಲ್ಲರ ಕಣ್ಣೆದುರು ಮುದ್ದೆ ಮುರಿದು ಉಂಡ.

ಮೊದಮೊದಲು ಏನೂ ಆಗಲಿಲ್ಲ. ಬೈಗುಳ ಮಾತ್ರ ಬೆಳೆಯಿತು. ಆಮೇಲೆ ಮಲಗಿದ್ದವರು ಎದ್ದು ಕೂತರು. ಕೂತವರು ನಡೆದರು. ನಡೆದವರು ಯಾರೂ ಹೇಳದೆಯೇ ಬುಟ್ಟಿ ಹಿಡಿದರು. ಏರಿಯ ಮೇಲೆ ನಿಂತುಹೋಗಿದ್ದ ಹಾಡು ಮತ್ತೆ ಕೇಳಿಸಿತು. ವರ್ತಕ ಮರೆಯಲ್ಲಿ ನಿಂತು ಮಗುವಿನಂತೆ ಅತ್ತ. ಅಷ್ಟು ಸಂತೋಷವನ್ನು ಅವನಿಗೆ ಯಾವ ಹೊಗಳಿಕೆಯೂ ಕೊಟ್ಟಿರಲಿಲ್ಲ.

ಕೊನೆಯ ಬುಟ್ಟಿ ಮಣ್ಣು ಬೀಳುವುದಕ್ಕೂ ಮೋಡ ಒಡೆಯುವುದಕ್ಕೂ ಸರಿಹೋಯಿತು. ಮಳೆ ಹುಯ್ದ ರಭಸಕ್ಕೆ ಕೆರೆ ತುಂಬಿತು. ಎರಡೂ ಊರಿನವರು ಉಸಿರು ಬಿಗಿಹಿಡಿದು ನಿಂತರು. ನೀರು ಏರಿಯನ್ನು ಒತ್ತಿ ನೋಡಿತು, ಸೋತಿತು, ಕೋಡಿಯತ್ತ ಹೊರಳಿ ಹರಿದುಹೋಯಿತು. ಜನ ಕೂಗಿದ ಕೂಗಿಗೆ ಗುಡುಗು ಕೇಳಿಸಲಿಲ್ಲ. ಜಿಪುಣ ಎಂದವರೇ ವರ್ತಕನನ್ನು ಹೆಗಲ ಮೇಲೆ ಹೊತ್ತು ಏರಿಯ ಉದ್ದಕ್ಕೂ ಕುಣಿದರು.

ಶಿಷ್ಯನ ಮುಖವೂ ಅರಳಿತ್ತು. ಆದರೆ ಅವನಿಗೆ ಒಂದು ಅನುಮಾನ ಉಳಿದಿತ್ತು. "ಅದೆಲ್ಲ ಸರಿ ಗುರುಗಳೇ, ಅಷ್ಟು ಹೆಸರಾಂತ ವೈದ್ಯ, ಅವನೇನಾದ?"

"ಮದ್ದು ಕೇಳುವವರೇ ಇಲ್ಲವಾದ ಮೇಲೆ ಅವನೂ ಪಂಚೆ ಎತ್ತಿಕಟ್ಟಿ, ಅವರ ಜೊತೆ ಮಣ್ಣು ಹೊತ್ತ" ಎಂದರು ಗುರುಗಳು.

ಶಿಷ್ಯ ಎದ್ದು ಅಡುಗೆಮನೆಗೆ ಹೋಗಿ, ಸಾರಿಗೆ ಸೊಪ್ಪು ಸೋಸತೊಡಗಿದ.