ಕುರ್ಚಿಗೊಂದು ಚೀಟಿ

ಮಾನವಶಾಸ್ತ್ರ ವಿಭಾಗದಲ್ಲಿ ಅಂದು ಸಾರ್ವಜನಿಕರಿಗೆ ಪ್ರದರ್ಶನ, ಜೊತೆಗೆ ಹಳೆಯ ವಿದ್ಯಾರ್ಥಿಗಳ ಕೂಟ. ಪ್ರದರ್ಶನದ ಕಾವಲಿಗೆ ಅಟೆಂಡರ್ ಕೆಂಪಾಜಮ್ಮ ನಿಂತಿದ್ದಳು. ಹಗ್ಗದ ಆಚೆ, ಬುಡಕಟ್ಟು ಜನರ ಹಾಡಿಯ ಯಜಮಾನನೊಬ್ಬ ನ್ಯಾಯಕ್ಕೆ ಕೂರುತ್ತಿದ್ದ ನೂರು ವರ್ಷದ ಕುರ್ಚಿ ಇತ್ತು. ಅದರ ಕಾಲನ್ನು ಗೆದ್ದಲು ತಿಂದಿತ್ತು. ಕುರ್ಚಿ ಮುರಿದರೆ ಅವಳ ಕೆಲಸವೂ ಹೋದಂತೆಯೇ.

ಹಳೆಯ ವಿದ್ಯಾರ್ಥಿ, ನಿವೃತ್ತ ಅಧಿಕಾರಿ ರುದ್ರಾರಾಧ್ಯರು ಹಗ್ಗ ದಾಟಿ ಹೋಗಿ ಅದರ ಮೇಲೆಯೇ ಕುಳಿತರು. ಕುರ್ಚಿ ಕಿರ್ರೆಂದಿತು.

"ಏಳಿ ಸಾರ್, ಅದು ಕೂರೋದಕ್ಕಲ್ಲ."

"ನಾನ್ಯಾರು ಗೊತ್ತೇನಮ್ಮಾ?"

"ಗೊತ್ತಿಲ್ಲ ಸಾರ್. ಹೇಳಿ, ಬರ್ಕೋತೀನಿ. ಇಲ್ಲಿರೋದಕ್ಕೆಲ್ಲ ಒಂದೊಂದು ಚೀಟಿ ಇರಬೇಕು."

ಆರಾಧ್ಯರು ಹಿಗ್ಗಿ ಹೆಸರು, ಊರು, ಓದಿದ ವರ್ಷ ಎಲ್ಲ ಹೇಳಿದರು. ಅವಳು ದುಂಡಗೆ ಬರೆದು ಹಗ್ಗಕ್ಕೆ ಸಿಕ್ಕಿಸಿದಳು: "ಹೆಸರು: ರುದ್ರಾರಾಧ್ಯ. ಸಿಕ್ಕಿದ ಸ್ಥಳ: ತಿಪಟೂರು. ಕಾಲ: ೧೯೭೪. ಮುಟ್ಟಬೇಡಿ."

ಅಷ್ಟರಲ್ಲಿ ಶಾಲೆಯ ಮಕ್ಕಳು ಟೀಚರ್ ಹಿಂದೆ ಸಾಲಾಗಿ ಬಂದರು. ಒಬ್ಬಳು ಚೀಟಿ ಓದಿ ಕೇಳಿದಳು: "ಮಿಸ್, ಇದರ ಹೊಟ್ಟೇಲಿ ಹುಲ್ಲು ತುಂಬಿದಾರಾ?"

ಆರಾಧ್ಯರು ದಡಕ್ಕನೆ ಎದ್ದರು.

"ಅಯ್ಯೋ, ಜೀವ ಇದೆ!" ಮಕ್ಕಳು ಚೀರಿ ಓಡಿದರು.

ಕೆಂಪಾಜಮ್ಮ ಬಗ್ಗಿ ಕುರ್ಚಿಯ ಕಾಲು ನೋಡಿದಳು. ಮುರಿದಿರಲಿಲ್ಲ.

"ಚೀಟಿ ತೆಗೀಲಾ ಸಾರ್," ಎಂದಳು, "ಇಲ್ಲಾ ಮತ್ತೆ ಕೂರ್ತೀರಾ?"