ಕೌದಿಯ ಕೆಂಪು ಮೂಲೆ

ಅರಮನೆಯ ಮದುವೆಯ ಕೌದಿಗೆ ಊರಿನ ಒಂದೊಂದು ಮನೆಯಿಂದಲೂ ಒಂದೊಂದು ಬಟ್ಟೆಯ ತುಂಡು ಸೇರಬೇಕು ಎಂಬುದು ದೊರೆ ಬೊಪ್ಪರಾಯನ ಪಟ್ಟಣದ ಕಟ್ಟಳೆ. ಆದರೆ ಅದನ್ನು ಮುರಿಯದವರು ಕೋಟೆಯೊಳಗೆ ಒಬ್ಬರೂ ಇರಲಿಲ್ಲ. ಹೊರಕೇರಿಯಿಂದ ಬಂದ ತುಂಡುಗಳನ್ನು ಹೊಲಿಯುವವರು ಒಲೆಗೆ ಹಾಕುತ್ತಿದ್ದರು. ಉಳಿದವರು ಕಂಡೂ ಸುಮ್ಮನಿರುತ್ತಿದ್ದರು.

ರಾಜಕುಮಾರಿ ಚಂದಲೆ ತನ್ನ ಮದುವೆಯ ಕೌದಿಯನ್ನು ಹಿಂದಕ್ಕೆ ಕಳಿಸಿ ಡಂಗುರ ಹೊಡೆಸಿದಳು: "ನನ್ನ ಮೂರು ಒಗಟು ಬಿಡಿಸಿದವನಿಗೆ ನನ್ನ ಕೈ, ಅರ್ಧ ರಾಜ್ಯ. ತಪ್ಪಿದವನಿಗೆ ತಲೆದಂಡ!" ಮಗಳ ಹಟಕ್ಕೆ ಬೊಪ್ಪರಾಯ ನಕ್ಕಿದ್ದ.

ತುಂಬಿದ ಸಭೆಯಲ್ಲಿ ಚಂದಲೆ ಮೊದಲ ಒಗಟು ಕೇಳಿದಳು: "ಮೇಲಿಂದ ಎಲ್ಲರಿಗೂ ಸಮನಾಗಿ ಬೀಳುತ್ತದೆ, ಕೆಳಗಿಳಿದ ಮೇಲೆ ಕುಲ ಕೇಳುತ್ತದೆ. ಏನದು?"

"ಬಿಸಿಲು," ಎಂದ ಪಕ್ಕದ ಸೀಮೆಯ ರಾಜಕುಮಾರನಿಗೆ ಬೇಡಿ ಬಿತ್ತು. ಮತ್ತೊಬ್ಬ "ಮಳೆನೀರು" ಎಂದು ಗೆದ್ದು ಮೀಸೆ ತಿರುವಿದ.

"ಕಣ್ಣಿಲ್ಲದ ವಾಂತಿಭೇದಿ ಮನೆ ಆರಿಸಿ ಮಕ್ಕಳನ್ನು ಒಯ್ಯುತ್ತದೆ. ಅದಕ್ಕೆ ದಾರಿ ತೋರಿಸುವವರು ಯಾರು?"

"ಅವರವರ ಹಣೆಬರಹ!" ಎಂದ ಆ ಮೀಸೆಯವನು. ಸಭೆ ಭೇಷ್ ಎಂದಿತು. ಬೊಪ್ಪರಾಯನೂ ತಲೆದೂಗಿದ. ಚಂದಲೆ ಮಾತ್ರ ಅವನಿಗೂ ಬೇಡಿ ಹಾಕುವಂತೆ ಕಾವಲಿನವರಿಗೆ ಸನ್ನೆ ಮಾಡಿದಳು.

ಆಗ ಹೊರಕೇರಿಯ ಕೌದಿ ಹೊಲಿಯುವ ಮೈಲ, ಹೆಗಲ ಗಂಟು ಇಳಿಸಿ ಮುಂದೆ ಬಂದ.

"ನಿನಗೂ ಹೆಣ್ಣು ಬೇಕೇನೋ?" ಎಂದು ಮಂತ್ರಿ ಕಿಚಾಯಿಸಿದ.

"ಮೊದಲು ಉತ್ತರ ಹೇಳ್ತೀನಿ ಬುದ್ದಿ."

"ಮೂರನೆಯದನ್ನೂ ಕೇಳು," ಎಂದಳು ಚಂದಲೆ. "ಊರೆಲ್ಲ ಸೇರಿ ಹೊಲಿದ ಹೊದಿಕೆ, ಆದರೂ ಊರಿನ ಒಂದು ಮಗ್ಗುಲು ಬೆತ್ತಲೆ. ಯಾವುದದು?"

"ನೀವು ಹಿಂದಕ್ಕೆ ಕಳಿಸಿದ ಕೌದಿ, ತಾಯಿ. ಪೂರ್ತಿ ಊರು ಇಲ್ಲಿದೆ," ಎಂದು ಮೈಲ ತಾನು ಹೊಲಿದು ತಂದಿದ್ದ ಕೌದಿಯನ್ನು ಹಾಸಿದ.

ಮನೆ ಎಲ್ಲಿದೆಯೋ ಅಲ್ಲೇ ಅದರ ತುಂಡು. ನಡುವೆ ನೀಲಿಯದು ಕೆರೆ. ಈ ಬೇಸಿಗೆಯಲ್ಲಿ ವಾಂತಿಭೇದಿಗೆ ಮಗು ಸತ್ತ ಮನೆಗೆ, ಸತ್ತಷ್ಟು ಕೆಂಪು ದಾರದ ಗಂಟು. ಬೊಪ್ಪರಾಯ ಬಗ್ಗಿ ನೋಡಿದ. ನೀಲಿಯ ಸುತ್ತ ಹುಡುಕಿದರೆ ಅಲ್ಲೊಂದು ಇಲ್ಲೊಂದು ಕೆಂಪು. ಹೊರಕೇರಿಯ ಮೂಲೆಯಲ್ಲಿ ಬಟ್ಟೆಯೇ ಕಾಣದಷ್ಟು.

"ಅವರ ಕೊಳಕಿಗೆ ಯಾರು ಹೊಣೆ?" ಎಂದ ಮಂತ್ರಿ.

ಮೈಲ ಆ ಕೆಂಪಿನ ನಡುವೆ ಗಂಟೇ ಇಲ್ಲದ ಒಂದು ಹಸಿರು ತುಂಡು ತೋರಿಸಿದ. "ಇದೂ ಅದೇ ಕೇರಿ. ಎಳೆಯ ರಾಜಕುಮಾರನಿಗೆ ಹಾಲೂಡಿಸೋ ಸಿದ್ದಮ್ಮನ ಮನೆ. ಹಾಲು ಕೆಡಬಾರದು ಅಂತ ಅವಳೊಬ್ಬಳ ಮನೆಗೆ ಅರಮನೆಯೇ ಕೆರೆಯ ನೀರು ಕಳಿಸುತ್ತೆ. ಉಳಿದ ನಾವು ಕುಡಿಯೋದು ಚರಂಡಿ ಸೇರೋ ಹೊಂಡದ ನೀರು. ಮಳೆ ಎಲ್ಲರಿಗೂ ಬಿತ್ತು, ನಮ್ಮ ಕಡೆಯ ಕೆರೆಬಾಗಿಲಿಗೆ ಬೀಗ ಬಿತ್ತು. ದಾರಿ ತೋರಿಸಿದವರು ಬೀಗ ಹಾಕಿದವರು."

ನೀರು ಕಳಿಸುವ ಅಪ್ಪಣೆ ಬೊಪ್ಪರಾಯನದೇ. ಯಾವ ನೀರಿಗೆ ಮಗು ಸಾಯುತ್ತದೆ, ಯಾವುದಕ್ಕೆ ಬದುಕುತ್ತದೆ ಎಂಬುದು ಹಾಗಾದರೆ ಅವನಿಗೆ ಗೊತ್ತಿತ್ತು.

"ಸೋತವರ ಬೇಡಿ ಬಿಚ್ಚಿ," ಎಂದ ಬೊಪ್ಪರಾಯ ಮೆಲ್ಲಗೆ. "ಹಣೆಬರಹ ಎಂದು ನಾನೂ ಹೇಳುತ್ತಿದ್ದೆ. ಮೈಲಾ, ಅರ್ಧ ರಾಜ್ಯ ನಿನ್ನದು. ಮಗಳ ಕೈಯೂ, ಅವಳೇ ಕೊಟ್ಟ ಮಾತಿನಂತೆ."

"ರಾಜ್ಯ ಆಮೇಲಾಗಲಿ ಬುದ್ದಿ. ಮೊದಲು ಕೆರೆಯ ಬೀಗದ ಕೈ ಕೊಡಿ."

ಬೊಪ್ಪರಾಯ ತನ್ನ ಸೊಂಟದಿಂದ ಬಿಚ್ಚಿ ಕೊಟ್ಟ.

ಮಂತ್ರಿ ಕತ್ತರಿ ಹಿಡಿದು ಬಂದ. "ಮದುವೆಗೆ ನೆಂಟರು ಬರುತ್ತಾರೆ ಪ್ರಭು. ಆ ಮೂಲೆಯೊಂದನ್ನು ತೆಗೆದರೆ ಕೌದಿ ಲಕ್ಷಣವಾಗಿರುತ್ತದೆ."

ಬೊಪ್ಪರಾಯ ಬಾಯಿ ತೆರೆಯುವ ಮೊದಲೇ ಚಂದಲೆ ಕೌದಿಯನ್ನು ಬಾಚಿಕೊಂಡಳು. ಕೆಂಪು ಮೂಲೆ ಎದೆಯ ಮೇಲೆ ಎಲ್ಲರಿಗೂ ಕಾಣುವಂತೆ ಹೊದ್ದು, ಮೈಲನ ಹಿಂದೆ ಕೆರೆಯ ಬಾಗಿಲ ಕಡೆಗೆ ನಡೆದಳು.