ಅಂಕಿತದ ಸಾಲು

“ಗುರುಗಳೇ, ನಮ್ಮನ್ನು ನೋಯಿಸುವವರಿಗೂ ಕೃತಜ್ಞರಾಗಿರಬೇಕೇ?” ಎಂದು ಶಿಷ್ಯ ನೀಲಪ್ಪ ಕೇಳಿದ. ಹೆಂಡತಿಯೊಡನೆ ಜಗಳವಾಡಿ ಅರ್ಧ ಊಟಕ್ಕೆ ಎದ್ದು ಬಂದಿದ್ದ. ಕೈಯನ್ನೂ ಸರಿಯಾಗಿ ತೊಳೆದಿರಲಿಲ್ಲ.

ಗುರುಗಳು ಆ ಕೈ ನೋಡಿದರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ಪದಕಾರನಿದ್ದ. ಅವನು ಪದ ಕಟ್ಟುತ್ತಿದ್ದ, ಅವನ ಹೆಂಡತಿ ಹಾಡುತ್ತಿದ್ದಳು. ಅವಳು ಬಾಯಿ ತೆರೆದರೆ ಕಲ್ಲುಮನಸ್ಸಿನವರೂ ಕಣ್ಣೊರೆಸಿಕೊಳ್ಳುತ್ತಿದ್ದರು. ಸುತ್ತಲಿನ ಊರುಗಳಲ್ಲೆಲ್ಲ ಅವಳದೇ ಮಾತು. ಅದೇ ಬಾಯಿ ಮನೆಯಲ್ಲಿ ತೆರೆದರೆ ಮಾತ್ರ ನೆರೆಯವರು ಕಿಟಕಿ ಮುಚ್ಚಿಕೊಳ್ಳುತ್ತಿದ್ದರು. ಪದಕಾರನೇನೂ ಕಡಿಮೆಯವನಲ್ಲ, ಮೂಗಿನ ತುದಿಯಲ್ಲೇ ಕೋಪ. ಹಾಡುವಾಗ ಅವಳು ಒಂದು ಮಾತು ಬದಲಿಸಿದರೆ ಇವನು ದಿನಗಟ್ಟಲೆ ಮಾತು ಬಿಡುತ್ತಿದ್ದ. ಇವನು ಮಾತು ಬಿಟ್ಟರೆ ಅವಳು ಪಾತ್ರೆ ಎಸೆಯುತ್ತಿದ್ದಳು. ಆದರೂ ಆ ಮನೆಯಲ್ಲಿ ಹೊಸ ಪದ ಹುಟ್ಟುತ್ತಲೇ ಇತ್ತು.

ಪದದ ಕೊನೆಯ ಸಾಲಿನಲ್ಲಿ ಕಟ್ಟಿದವನ ಹೆಸರು ಬರಬೇಕು. ಅದು ಅಂಕಿತ. ಹಾಡುವವರು ಅದನ್ನು ಬಿಡುವಂತಿಲ್ಲ. ಒಂದು ದಿನ ತುಂಬಿದ ಸಭೆಯಲ್ಲಿ ಅವಳು ಆ ಸಾಲಿಗೆ ಬಂದು ಹಾಡು ನಿಲ್ಲಿಸಿಬಿಟ್ಟಳು. ಪದಕಾರ ತಟ್ಟನೆ ಎದ್ದು, ಹಿಂದಿರುಗಿ ನೋಡದೆ ಹೊರಟುಹೋದ. ಗಂಡನ ಹೆಸರು ಹೇಳಲು ನಾಚುವ ಹೆಂಗಸಲ್ಲ ಅವಳು. ಜಗಳದಲ್ಲಿ ಬೀದಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು. ಸಭೆಯಲ್ಲಿ ಮಾತ್ರ ಏಕೆ ಬಿಟ್ಟಳು? ಕೀರ್ತಿಯೆಲ್ಲ ತನಗೇ ಇರಲಿ ಎಂದು, ಮತ್ತೇನು?

“ನನ್ನ ಹೆಸರು ಯಾಕೆ ನುಂಗಿದೆ?” ಎಂದು ಮನೆಯಲ್ಲಿ ಕೇಳಿದ.

“ಕೊನೇ ತನಕ ಕೂತು ಕೇಳು, ಆಮೇಲೆ ಮಾತಾಡು” ಎಂದಳು. ಅವನು ಸಭೆಯಿಂದ ಎದ್ದು ಹೋದದ್ದಕ್ಕೆ ಅವಳಿಗೂ ಉರಿಯುತ್ತಿತ್ತು. ಬೇರೆ ಮಾತು ಆಡಲಿಲ್ಲ.

ಅವನು ಅದನ್ನು ಸೊಕ್ಕು ಎಂದುಕೊಂಡ. ಮುಂದಿನ ಸಭೆಗಳಲ್ಲಿ ಪದದ ಕೊನೆಯ ಚರಣ ಶುರುವಾಗುತ್ತಲೇ ಎದ್ದು ನಡೆದ. ಯಾರಾದರೂ ಸಭೆಯ ಸುದ್ದಿ ತೆಗೆದರೆ ಕಿವಿ ಮುಚ್ಚಿಕೊಂಡ. ಕಡೆಗೆ ಊರನ್ನೇ ಬಿಟ್ಟ.

ಬೇರೊಂದು ಊರಿನಲ್ಲಿ ಅವನಿಗೆ ಹೇಳಿದಂತೆ ಕೇಳುವ ಹಾಡುಗಾರನೊಬ್ಬ ಸಿಕ್ಕ. ಅವನು ಒಂದಕ್ಷರ ಬದಲಿಸುತ್ತಿರಲಿಲ್ಲ, ಅಂಕಿತವನ್ನಂತೂ ಬಿಡಿಸಿ ಬಿಡಿಸಿ ಹೇಳುತ್ತಿದ್ದ. ಜನ ಚೆನ್ನಾಗಿದೆ ಎಂದು ಆಕಳಿಸಿದರು. ಪದಕಾರನಿಗೆ ನೆಮ್ಮದಿ ಸಿಕ್ಕಿತು. ಹೊಸ ಪದ ಮಾತ್ರ ಒಂದೂ ಹುಟ್ಟಲಿಲ್ಲ.

ಒಂದು ಬೆಳಿಗ್ಗೆ ಅವನು ನೇಕಾರರ ಬೀದಿಯಲ್ಲಿ ಹೋಗುತ್ತಿದ್ದ. ಹೆಂಗಸರು ನೂಲಿಗೆ ಗಂಜಿ ಹಾಕುತ್ತಾ ಹಾಡುತ್ತಿದ್ದರು. ಅವನದೇ ಪದ, ಅವನ ಹೆಂಡತಿ ಬದಲಿಸಿದ ಮಾತುಗಳೇ. ಮುಂದಾಗಿ ಹಾಡುತ್ತಿದ್ದವಳು ಅಂಕಿತದ ಸಾಲಿಗೆ ಬಂದು ಸುಮ್ಮನಾದಳು. ಅವನಿಗೆ ರಕ್ತ ಕುದಿಯಿತು. ಹೊರಟುಹೋಗೋಣವೆಂದರೆ ಬೀದಿಗೆ ಅಡ್ಡಲಾಗಿ ಹಸಿ ನೂಲು ಚಾಚಿತ್ತು, ದಾಟುವಂತಿರಲಿಲ್ಲ. ನಿಲ್ಲಲೇಬೇಕಾಯಿತು. ಆಗ ಹೆಂಗಸರೆಲ್ಲ ಒಟ್ಟಿಗೆ ದನಿ ಎತ್ತಿ ಅವನ ಹೆಸರು ಹಾಡಿದರು.

“ಆಕೆ ಯಾಕಮ್ಮ ಸುಮ್ಮನಾದಳು?” ಎಂದು ಹತ್ತಿರವಿದ್ದವಳನ್ನು ಕೇಳಿದ.

“ಅದು ಎಲ್ಲಾರೂ ಕೂಡಿ ಹೇಳೋ ಸಾಲಲ್ವೇನಪ್ಪಾ? ಆ ಹಾಡುಗಾರ್ತಿ ಅಲ್ಲಿಗೆ ಬಂದು ನಿಲ್ಲಿಸ್ತಾಳೆ, ಸಭೆ ಕಡೆ ಕೈ ಚಾಚ್ತಾಳೆ. ನಾವೆಲ್ಲ ಆ ಪುಣ್ಯಾತ್ಮನ ಹೆಸರು ಹೇಳೋ ತನಕ ಆಕೆ ಮೇಲೇಳೋದೇ ಇಲ್ಲ. ನೀನು ಆಕೆ ಹಾಡು ಕೇಳೇ ಇಲ್ವಾ?”

“ಕೊನೆಯ ತನಕ ಕೇಳಿಲ್ಲ ತಾಯಿ” ಎಂದ. ಹೆಂಡತಿಯೊಬ್ಬಳ ಬಾಯಲ್ಲಿದ್ದಿದ್ದರೆ ತನ್ನ ಹೆಸರು ಅವಳ ಕೊರಳಿರುವ ತನಕ ಇರುತ್ತಿತ್ತು. ಅವಳು ಅದನ್ನು ಊರೂರಿನ ಬಾಯಿಗೆ ಇಟ್ಟಿದ್ದಳು. ಬೀದಿಯಲ್ಲೇ ನಿಂತು ಅತ್ತ. ಅಷ್ಟು ಸಂತೋಷದಿಂದ ಅವನು ಎಂದೂ ಅತ್ತಿರಲಿಲ್ಲ.

ಮನೆಗೆ ಮರಳಿದಾಗ ಅವಳು ಬಾಗಿಲಲ್ಲಿ ನಿಂತು, “ಬಂದೆಯಾ? ಪಾತ್ರೆಗಳು ಒಂದು ಹೊಸ ನಗ್ಗೂ ಇಲ್ಲದೆ ಬಿದ್ದಿವೆ, ನೋಡೋಕಾಗ್ತಿಲ್ಲ” ಎಂದಳು. ಆಮೇಲೂ ಅವರು ಜಗಳವಾಡಿದರು, ಪಾತ್ರೆಗಳೂ ಹಾರಿದವು. ಆದರೆ ಅವನು ಯಾವ ಸಭೆಯಿಂದಲೂ ನಡುವೆ ಏಳಲಿಲ್ಲ. ಊರೆಲ್ಲ ಅವನ ಹೆಸರು ಹಾಡುವಾಗ ಅವನೊಬ್ಬ ಮೆಲ್ಲಗೆ ಅವಳ ಹೆಸರು ಹೇಳಿಕೊಳ್ಳುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು.

“ಅವಳು ಮೊದಲೇ ಬಿಡಿಸಿ ಹೇಳಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲವಲ್ಲ?” ಎಂದ ನೀಲಪ್ಪ.

ಗುರುಗಳು ಕೇಳಿದರು: “ನೀನು ಊಟದಿಂದ ಎದ್ದು ಬಂದಾಗ ನಿನ್ನ ಹೆಂಡತಿಯ ಮಾತು ಮುಗಿದಿತ್ತೇ?”